ಎಂಟಿಬಿ ಓಡಿಸುವವರು ರೋಡ್ ಬೈಕ್ ಕೊಳ್ಳುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ತುರಹಳ್ಳಿಯ ಮಣ್ಣುಹಾದಿಯಲ್ಲೋ ಚಿಕ್ಕಮಗಳೂರಿನ ಕಾಫಿ ತೋಟದ ಜೀಪು ದಾರಿಯಲ್ಲೋ ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಓಡಿಸಿ ಪಳಗಿದವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ರೋಡ್ ಬೈಕ್ ಕಡೆ ತಿರುಗುತ್ತಾರೆ. ನಂದಿ ಬೆಟ್ಟ ಹತ್ತುವ ಆಸೆ, 200 ಕಿ.ಮೀ. ಬ್ರೆವೆ (ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸುವ ಆಸೆ, ಇಲ್ಲವೇ ಟ್ರೇಲ್‌ವರೆಗೆ ಹೋಗಲು ಸಮಯವಿಲ್ಲದ ದಿನ ಮನೆ ಬಾಗಿಲಿನಿಂದಲೇ ಹೊರಟು ಎರಡು ಗಂಟೆ ತುಳಿದು ಬರುವ ಅನುಕೂಲ. ಆಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನನ್ನ ಉತ್ತರಗಳೆಲ್ಲ ಒಂದೇ ಲೆಕ್ಕದಲ್ಲಿವೆ: ಮೊದಲು ಮೈಗೆ ಹೊಂದುವ ಫ್ರೇಮ್, ಆಮೇಲೆ ಟೈರಿಗೆ ಜಾಗ ಮತ್ತು ಗೇರ್, ಗ್ರೂಪ್‌ಸೆಟ್ (ಗೇರ್, ಬ್ರೇಕ್ ಭಾಗಗಳ ಸೆಟ್) ಹೆಸರು ಮತ್ತು ತೂಕ ಕೊನೆಗೆ. ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಇದರ ತಿರುವುಮುರುವಾಗಿ ನಡೆಯುತ್ತದೆ.

ಇರುವ ಎಂಟಿಬಿಗೇ ನುಣುಪು ಟೈರ್ ಹಾಕಿ ರೋಡಲ್ಲಿ ಓಡಿಸಿದರೆ ಆಗಲ್ವಾ?

ಆಗುತ್ತದೆ. ಮೊದಲು ಅದನ್ನೇ ಮಾಡಿ ನೋಡಿ. ಸಸ್ಪೆನ್ಷನ್ ಲಾಕ್ ಮಾಡಿ, ಉಬ್ಬು ಇಲ್ಲದ ಟೈರ್ ಹಾಕಿದರೆ ಅರ್ಧ ವ್ಯತ್ಯಾಸ ಅಲ್ಲೇ ಕಾಣುತ್ತದೆ. 200 ಕಿ.ಮೀ. ಬ್ರೆವೆಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಅಂದರೆ ತಿಂಡಿ, ಪಂಕ್ಚರ್, ಚಹಾ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಸಾಕು. ಎಂಟಿಬಿಯಲ್ಲಿ ಅದು ಖಂಡಿತ ಸಾಧ್ಯ.

ತೊಂದರೆ ಬರುವುದು ಗಾಳಿಯಿಂದ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಇನ್ನೂ ಬೇಗ ಏರುತ್ತದೆ. 780 ಮಿ.ಮೀ. ಅಗಲದ ಹ್ಯಾಂಡಲ್ ಹಿಡಿದು ಎದೆ ತೆರೆದು ಕೂತವರಿಗೆ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ಪ್ರತಿ ಒಂದು ಕಿ.ಮೀ. ಹೆಚ್ಚಿಸುವುದೂ ಕಷ್ಟ. ಜೊತೆಗಾರರೆಲ್ಲ ರೋಡ್ ಬೈಕಿನಲ್ಲಿದ್ದರೆ ನೀವು ಇಡೀ ದಿನ ಅವರ ಹಿಂದೆ ಒದ್ದಾಡಬೇಕಾಗುತ್ತದೆ. ಅಲ್ಲಿಗೆ ಬಂದಾಗ ಹೊಸ ಸೈಕಲ್ ಯೋಚನೆ ಮಾಡಿ.

ಟ್ರೇಲ್‌ನಲ್ಲಿ ಕಲಿತದ್ದು ರೋಡಲ್ಲಿ ಉಪಯೋಗಕ್ಕೆ ಬರುತ್ತಾ?

ತುಂಬಾ ಬರುತ್ತದೆ. ಕ್ಯಾಡೆಲ್ ಎವಾನ್ಸ್ 1998 ಮತ್ತು 1999ರಲ್ಲಿ ಎಂಟಿಬಿ ವಿಶ್ವಕಪ್ ಗೆದ್ದು, ಆಮೇಲೆ 2011ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು. ಪೀಟರ್ ಸಗಾನ್ 2008ರಲ್ಲಿ ಜೂನಿಯರ್ ಎಂಟಿಬಿ ವಿಶ್ವ ಚಾಂಪಿಯನ್, 2015ರಿಂದ ಸತತ ಮೂರು ವರ್ಷ ರೋಡ್ ವಿಶ್ವ ಚಾಂಪಿಯನ್. ಪೌಲೀನ್ ಫೆರಾಂ-ಪ್ರೆವೊ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಂಟಿಬಿ ಚಿನ್ನ ಗೆದ್ದು, ಮರುವರ್ಷವೇ ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆದ್ದರು. ಸೈಕಲ್ ಮೇಲಿನ ಹಿಡಿತ, ತಿರುವಿನಲ್ಲಿ ದೂರ ನೋಡುವ ಅಭ್ಯಾಸ, ಹಿಂದಿನ ಚಕ್ರ ಸ್ವಲ್ಪ ಜಾರಿದರೂ ಗಾಬರಿಯಾಗದ ಮನಸ್ಸು, ಇವೆಲ್ಲ ನಿಮ್ಮ ಜೊತೆಗೇ ಬರುತ್ತವೆ.

ಬರದೇ ಇರುವುದು ಒಂದಿದೆ. ಟ್ರೇಲ್‌ನಲ್ಲಿ ನಾವು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದಿಲ್ಲ. ಏಳುತ್ತೇವೆ, ಹಿಂದೆ ಸರಿಯುತ್ತೇವೆ, ಮುಂದೆ ಬಾಗುತ್ತೇವೆ. ರೋಡಿನಲ್ಲಿ ಅದೇ ಸೀಟು, ಅದೇ ಕೋನ, ಅದೇ ತುಳಿತ, ಒಂದು ಗಂಟೆಗೆ ಐದು ಸಾವಿರಕ್ಕೂ ಜಾಸ್ತಿ ಸುತ್ತು. ಎಂಟಿಬಿಯಲ್ಲಿ ಗೊತ್ತೇ ಆಗದ ಅರ್ಧ ಸೆಂಟಿಮೀಟರ್ ತಪ್ಪು ಇಲ್ಲಿ ಮೊಣಕಾಲು ನೋವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಫಿಟ್ ಬಗ್ಗೆ ಇಷ್ಟು ಒತ್ತಿ ಹೇಳುವುದು.

ರೇಸ್, ಎಂಡ್ಯೂರೆನ್ಸ್, ಗ್ರಾವೆಲ್. ಯಾವುದು ತಗೊಳ್ಳಲಿ?

ಬಹುಪಾಲು ಜನರಿಗೆ ಎಂಡ್ಯೂರೆನ್ಸ್, ಅಂದರೆ ದೂರದ ಸವಾರಿಗೆ ಆರಾಮಾಗಿ ಕೂರುವಂತೆ ಮಾಡಿದ ರೋಡ್ ಬೈಕ್. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ರೇಸ್ ಬೈಕಿನ ಮುಂಭಾಗ ತಗ್ಗು, ಸ್ಟಿಯರಿಂಗ್ ಚುರುಕು. 54 ಸೈಜಿನ ರೇಸ್ ಫ್ರೇಮಿನ ಸ್ಟ್ಯಾಕ್ ಸುಮಾರು 540-545 ಮಿ.ಮೀ. ಇರುತ್ತದೆ. ಅದೇ ಸೈಜಿನ ಎಂಡ್ಯೂರೆನ್ಸ್ ಫ್ರೇಮ್‌ನಲ್ಲಿ 570-585. ಸ್ಟ್ಯಾಕ್ ಅಂದರೆ ಪೆಡಲ್ ತಿರುಗುವ ಬಾಟಮ್ ಬ್ರ್ಯಾಕೆಟ್‌ನ ನಡುವಿನಿಂದ ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಮೇಲ್ತುದಿವರೆಗೆ ನೇರ ಎತ್ತರ. ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಎಂಟಿಬಿಯಲ್ಲಿ 620ರ ಆಸುಪಾಸಿನ ಸ್ಟ್ಯಾಕ್‌ಗೆ ಹೊಂದಿಕೊಂಡ ಬೆನ್ನಿಗೆ ಆ ನಾಲ್ಕು ಸೆಂಟಿಮೀಟರೇ ನಾಲ್ಕನೇ ಗಂಟೆಯಲ್ಲಿ ಸೊಂಟ ಹಿಡಿಯುವುದನ್ನೂ ಹಿಡಿಯದಿರುವುದನ್ನೂ ತೀರ್ಮಾನಿಸುತ್ತದೆ. ರೇಸಿಗೆ ಇಳಿಯುವುದು ಖಚಿತ ಇದ್ದರೆ, ಬಾಗಿದರೆ ಅಂಗೈ ಸಲೀಸಾಗಿ ನೆಲ ಮುಟ್ಟುತ್ತದೆ ಅಂದರೆ, ರೇಸ್ ಫ್ರೇಮ್ ಖುಷಿಯಿಂದ ತಗೊಳ್ಳಿ.

ಡಾಂಬರಿಗೂ ಮಣ್ಣಿಗೂ ಆಗುವ ಗ್ರಾವೆಲ್ ಬೈಕ್ ಒಳ್ಳೆಯ ಸೈಕಲ್. ಮನೆಯಲ್ಲಿ ಒಂದೇ ಸೈಕಲ್ ಇಡಬೇಕು ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಿಮ್ಮ ಬಳಿ ಎಂಟಿಬಿ ಈಗಾಗಲೇ ಇದೆ. ಮಣ್ಣಿನ ದಾರಿಯ ಕೆಲಸ ಅದು ನೋಡಿಕೊಳ್ಳುತ್ತದೆ. ಎರಡಕ್ಕೂ ನಡುವಿನ ಇನ್ನೊಂದನ್ನು ತಂದರೆ ಡಾಂಬರಿನ ಮೇಲೆ ಹಗುರವಾಗಿ ಹಾರುವ ಆ ಅನುಭವ ಪೂರ್ತಿ ಸಿಗುವುದಿಲ್ಲ. 32 ಅಥವಾ 35 ಮಿ.ಮೀ. ಟೈರಿಗೆ ಜಾಗವಿರುವ ಎಂಡ್ಯೂರೆನ್ಸ್ ರೋಡ್ ಬೈಕ್ ನಮ್ಮ ರಸ್ತೆಗಳಿಗೆ ಸರಿಯಾದ ಉತ್ತರ.

ನನ್ನ ಎಂಟಿಬಿ ಎಲ್ ಸೈಜ್. ರೋಡ್ ಬೈಕೂ ಎಲ್ ತಗೊಂಡರೆ ನಡೆಯುತ್ತಾ?

ಹಾಗೆ ತಗೊಳ್ಳಬೇಡಿ. ಸೈಜಿನ ಅಕ್ಷರಕ್ಕೂ ಅಕ್ಷರಕ್ಕೂ ಸಂಬಂಧವಿಲ್ಲ. ಒಂದೇ ಕಂಪನಿಯೊಳಗೂ ಇರುವುದಿಲ್ಲ.

ಎಂಟಿಬಿಯವರು ಮೊದಲು ನೋಡುವುದು ರೀಚ್, ಅಂದರೆ ಬಾಟಮ್ ಬ್ರ್ಯಾಕೆಟ್ ನಡುವಿನಿಂದ ಹೆಡ್ ಟ್ಯೂಬಿನ ಮೇಲ್ತುದಿವರೆಗೆ ಮುಂದಕ್ಕೆ ಇರುವ ಅಡ್ಡ ದೂರ. ನಿಮ್ಮ ಈಗಿನ ಸೈಕಲ್ಲಿನ ರೀಚ್ 460 ಮಿ.ಮೀ. ಅಂತಿಟ್ಟುಕೊಳ್ಳಿ. ರೋಡ್ ಬೈಕ್ ಪಟ್ಟಿ ತೆರೆದರೆ 385 ಅಂತ ಕಾಣುತ್ತದೆ. ಅಯ್ಯೋ ಇದು ಗಿಡ್ಡ ಆಯಿತು, ಒಂದು ಸೈಜ್ ಮೇಲೆ ಹೋಗೋಣ ಅಂದುಕೊಂಡು ದೊಡ್ಡ ಫ್ರೇಮ್ ತಗೊಳ್ಳುವವರು ಬಹಳ ಜನ. ಇಲ್ಲಿ ಲೆಕ್ಕ ಹೀಗೆ ಮಾಡಬೇಕು. ಎಂಟಿಬಿಯಲ್ಲಿ 460ಕ್ಕೆ 40ರ ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ತುಂಡು) ಸೇರಿದರೆ ಸುಮಾರು 500, ಹ್ಯಾಂಡಲ್ ಹಿಂದಕ್ಕೆ ಬಾಗಿರುವುದರಿಂದ ಕೈ ಇನ್ನೂ ಸ್ವಲ್ಪ ಹತ್ತಿರ. ರೋಡ್ ಬೈಕಿನಲ್ಲಿ 385ಕ್ಕೆ 100ರ ಸ್ಟೆಮ್, ಅದಕ್ಕೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಮುಂದಕ್ಕೆ ಚಾಚುವ 75 ಸೇರಿಸಿ. 560 ಆಯಿತು. ಕೈ ಇಡುವ ಹುಡ್ (ಬ್ರೇಕ್ ಲಿವರಿನ ಮೇಲಿನ ಹಿಡಿ) ಅದಕ್ಕಿಂತಲೂ ಮುಂದೆ. ಅಂದರೆ ಪಟ್ಟಿಯಲ್ಲಿ ಗಿಡ್ಡ ಕಾಣುವ ಸೈಕಲ್ ನಿಜದಲ್ಲಿ ಕೈಯನ್ನು ಆರು ಸೆಂಟಿಮೀಟರಿಗಿಂತ ದೂರ ಎಳೆಯುತ್ತದೆ.

ಇನ್ನೊಂದು ವಿಷಯ. ಈಗಿನ ಎಂಟಿಬಿಗಳ ಸೀಟ್ ಟ್ಯೂಬ್ 76-77 ಡಿಗ್ರಿ ಕಡಿದಾಗಿರುತ್ತದೆ, ಕೂತಾಗ ನೀವು ಮುಂದೆ ಇರುತ್ತೀರಿ. ರೋಡ್ ಬೈಕಿನಲ್ಲಿ ಅದು 73-74. ಸೀಟು ಹಿಂದಕ್ಕೆ ಹೋಗುತ್ತದೆ. ದೂರ ಎರಡೂ ಕಡೆಯಿಂದ ಬೆಳೆಯಿತು ನೋಡಿ. ಆದ್ದರಿಂದ ರೋಡ್ ಬೈಕಿನ ಸೈಜನ್ನು ನಿಮ್ಮ ಎತ್ತರ, ಒಳಗಾಲಿನ ಉದ್ದ ಮತ್ತು ಆ ಕಂಪನಿಯ ಜಿಯೋಮೆಟ್ರಿ ಪಟ್ಟಿಯಿಂದ ಹೊಸದಾಗಿ ಆರಿಸಿ. ಎಂಟಿಬಿಯ ಅಂಕಿಗಳನ್ನು ಇದಕ್ಕೆ ತರಬೇಡಿ. ತರಬಹುದಾದ ಒಂದೇ ಒಂದು ಅಳತೆ ಇದೆ, ಸೀಟಿನ ಎತ್ತರ. ಅದು ಮುಂದೆ ಬರುತ್ತದೆ.

ಎರಡು ಸೈಜುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ

ಚಿಕ್ಕದು ತಗೊಳ್ಳಿ, ಸ್ಟ್ಯಾಕ್ ತೀರಾ ಕಡಿಮೆಯಾಗದಿದ್ದರೆ. ಚಿಕ್ಕ ಫ್ರೇಮಿಗೆ ಉದ್ದ ಸ್ಟೆಮ್ ಹಾಕಬಹುದು. ದೊಡ್ಡ ಫ್ರೇಮನ್ನು ಗಿಡ್ಡ ಮಾಡುವುದಕ್ಕೆ ದಾರಿ ಕಡಿಮೆ. 80 ಮಿ.ಮೀ.ಗಿಂತ ಚಿಕ್ಕ ಸ್ಟೆಮ್ ಹಾಕುವ ಹೊತ್ತಿಗೆ ಸ್ಟಿಯರಿಂಗ್ ಹದ ಬದಲಾಗಲು ಶುರುವಾಗುತ್ತದೆ.

ಐದು ಅಡಿ ಆಸುಪಾಸು ಎತ್ತರ ಇರುವವರು ಏನು ನೋಡಬೇಕು?

ಮೂರು ವಿಷಯ. ಚಿಕ್ಕ ಫ್ರೇಮುಗಳಲ್ಲಿ ಹ್ಯಾಂಡಲ್ ತಿರುಗಿಸಿದಾಗ ಕಾಲ್ಬೆರಳು ಮುಂಚಕ್ರಕ್ಕೆ ತಾಗುತ್ತದೆ. ಎಂಟಿಬಿಯಲ್ಲಿ ಇದು ಇರುವುದೇ ಇಲ್ಲ, ಹಾಗಾಗಿ ಮೊದಲ ಸಲ ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ತಿರುಗುವಾಗ ಬೀಳುವ ಸಾಧ್ಯತೆ ಇದೆ. ಅಂಗಡಿ ಮುಂದೆಯೇ ಪೆಡಲ್ ಮುಂದಿಟ್ಟು ಹ್ಯಾಂಡಲ್ ತಿರುಗಿಸಿ ನೋಡಿ. ಎರಡನೆಯದು ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳಿನ ಉದ್ದ. 165 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಕೇಳಿ, ಸುಮ್ನೆ ಇದ್ದದ್ದು ಇರಲಿ ಅಂತ 172.5 ಒಪ್ಪಿಕೊಳ್ಳಬೇಡಿ. ಮೂರನೆಯದು ಬ್ರೇಕ್ ಲಿವರ್. ಬಹುತೇಕ ಲಿವರುಗಳಲ್ಲಿ ಕೈಗೆ ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ಕೊಡಲು ಹೇಳಿ, ಎರಡು ನಿಮಿಷದ ಕೆಲಸ.

ಅಂಗಡಿಯಲ್ಲಿ ಓಡಿಸಿ ನೋಡುವಾಗ ಏನು ಗಮನಿಸಬೇಕು?

ಮೊದಲು ಸೀಟು ನಿಮ್ಮ ಎತ್ತರಕ್ಕೆ ಏರಿಸಿ ಕೊಡಲು ಹೇಳಿ, ಟೈರಿನ ಗಾಳಿ ಸರಿ ಮಾಡಿಸಿ. ಇವೆರಡೂ ಇಲ್ಲದೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮೊದಲ ಹತ್ತು ನಿಮಿಷ ಸೈಕಲ್ ನಡುಗುವಂತೆ, ಮುಂಚಕ್ರ ಎಲ್ಲೆಂದರಲ್ಲಿ ಓಡುವಂತೆ ಅನ್ನಿಸುತ್ತದೆ. ಎಂಟಿಬಿಯ ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬಿನ ಓರೆ, 64-67 ಡಿಗ್ರಿ, ಇದರದ್ದು 72-73. ಅದಕ್ಕೇ ಸ್ಟಿಯರಿಂಗ್ ಇಷ್ಟು ಚುರುಕು. ಕೈ ಬೇಗ ಹೊಂದಿಕೊಳ್ಳುತ್ತದೆ, ಅದನ್ನು ನೋಡಿ ಸೈಕಲ್ ಬೇಡ ಅನ್ನಬೇಡಿ. ಗಮನಿಸಬೇಕಾದ್ದು ಬೇರೆ. ಹುಡ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿದೆಯೇ? ಹೊಟ್ಟೆಯ ಬಲದಿಂದ ಕೂತು ಐದು ಸೆಕೆಂಡ್ ಅಂಗೈ ಎತ್ತಿದರೆ ಮುಂದಕ್ಕೆ ಕುಸಿಯುತ್ತೀರಾ? ಡ್ರಾಪ್ (ಹ್ಯಾಂಡಲಿನ ಬಾಗಿದ ಕೆಳಭಾಗ) ಹಿಡಿದು ಕತ್ತೆತ್ತಿ ರಸ್ತೆ ನೋಡಲು ಆಗುತ್ತದೆಯೇ? ಮೂರಕ್ಕೂ ಸಮಾಧಾನ ಸಿಕ್ಕರೆ ಸೈಜ್ ಹತ್ತಿರದಲ್ಲಿದೆ.

ಎಂಟಿಬಿಯಲ್ಲಿ ಮುಂದೆ ಒಂದೇ ಚೈನ್‌ರಿಂಗ್. ರೋಡ್ ಬೈಕಿನ ಗೇರ್ ನನಗೆ ಭಾರ ಆಗುತ್ತಾ?

ಆರಿಸದೆ ತಗೊಂಡರೆ ಖಂಡಿತ ಆಗುತ್ತದೆ. ಎಂಟಿಬಿಯಲ್ಲಿ ಮುಂದಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 32 ಹಲ್ಲು, ಹಿಂದೆ 51 ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.63 ಸುತ್ತು. ರೋಡ್ ಬೈಕಿನಲ್ಲಿ ಅಷ್ಟು ಹಗುರ ಗೇರ್ ಸಾಮಾನ್ಯವಾಗಿ ಸಿಗುವುದಿಲ್ಲ. ಮುಂದೆ 34, ಹಿಂದೆ 34 ಇದ್ದರೆ ಒಂದಕ್ಕೆ ಒಂದು. ಹಳೆಯ ರೇಸ್ ಬೈಕುಗಳಂತೆ 36ಕ್ಕೆ 28 ಇದ್ದರೆ ಸುಮಾರು 1.29. ನಿಮಿಷಕ್ಕೆ 60 ಸುತ್ತು ತುಳಿದರೆ 34ಕ್ಕೆ 34ರಲ್ಲಿ ಗಂಟೆಗೆ ಏಳೂವರೆ ಕಿ.ಮೀ., 36ಕ್ಕೆ 28ರಲ್ಲಿ ಹತ್ತಿರ ಹತ್ತು. ಕಡಿದಾದ ಏರಿನಲ್ಲಿ ಹತ್ತರ ವೇಗ ಇಟ್ಟುಕೊಳ್ಳಲಾಗದಿದ್ದರೆ ಪೆಡಲ್ ಇನ್ನೂ ನಿಧಾನವಾಗುತ್ತದೆ, ಆ ಭಾರವೆಲ್ಲ ಮೊಣಕಾಲಿಗೆ.

ನಂದಿ ಬೆಟ್ಟದ ಏರು ಏಳು ಕಿಲೋಮೀಟರಿಗೂ ಉದ್ದ, ಮೇಲೆ ಹೋದಂತೆ ಕಡಿದಾಗುತ್ತದೆ. ಮುಳ್ಳಯ್ಯನಗಿರಿ ಕಡೆಯ ದಾರಿ, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ನುಗಳು ಅದಕ್ಕಿಂತ ಕಠಿಣ. ಹಾಗಾಗಿ ಮುಂದೆ 50 ಮತ್ತು 34 ಹಲ್ಲಿನ ಎರಡು ರಿಂಗ್ (50/34), ಹಿಂದೆ 11ರಿಂದ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕನಿಷ್ಠ. ಈಗಿನ ಶಿಮಾನೊ 105 ಗ್ರೂಪ್‌ಸೆಟ್ಟಿನ ಹನ್ನೆರಡು ಸ್ಪೀಡಿನಲ್ಲಿ 11-36 ಕ್ಯಾಸೆಟ್ ಕೂಡ ಇದೆ. 46/30ರ ಕ್ರ್ಯಾಂಕ್ ಇರುವ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು. ದೊಡ್ಡ ಚೈನ್‌ರಿಂಗ್‌ನಲ್ಲಿ ತುಳಿದರೇ ಗಟ್ಟಿಗರು ಅನ್ನುವ ಮಾತಿಗೆ ಕಿವಿ ಕೊಡಬೇಡಿ.

ಎಡಗೈ ಲಿವರ್ ಮುಂದಿನ ಗೇರಿಗೆ. ಇದನ್ನು ಮರೆತೇಬಿಟ್ಟಿರುತ್ತೀರಿ. ಏರು ಶುರುವಾಗುವ ಮೊದಲೇ ಚಿಕ್ಕ ರಿಂಗಿಗೆ ಬನ್ನಿ. ಜೋರಾಗಿ ಒತ್ತಿ ತುಳಿಯುವಾಗ ಬದಲಿಸಿದರೆ ಚೈನ್ ಬೀಳುತ್ತದೆ.

ಟೈರ್ ಎಷ್ಟು ಅಗಲ, ಗಾಳಿ ಎಷ್ಟು?

ಎಂಟಿಬಿಯಲ್ಲಿ 22-25 ಪಿಎಸ್‌ಐ ಹಾಕುವವರು ರೋಡ್ ಬೈಕಿಗೆ ಒಂದೋ ತೀರಾ ಕಡಿಮೆ ಹಾಕಿ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಮಾಡಿಕೊಳ್ಳುತ್ತಾರೆ, ಇಲ್ಲವೇ ಯಾರದೋ ಮಾತು ಕೇಳಿ 110 ಹೊಡೆದು ಹಲ್ಲು ಕಡಿಯುತ್ತಾರೆ. 70 ಕೆ.ಜಿ. ಆಸುಪಾಸಿನವರಿಗೆ 28ರ ಟೈರಿನಲ್ಲಿ 65-75, 32ರ ಟೈರಿನಲ್ಲಿ 50-60 ಒಳ್ಳೆಯ ಆರಂಭ. ಹಿಂದಿನದಕ್ಕೆ ನಾಲ್ಕೈದು ಪಿಎಸ್‌ಐ ಜಾಸ್ತಿ. ಅಲ್ಲಿಂದ ನಿಮ್ಮ ರಸ್ತೆಗೆ ತಕ್ಕಂತೆ ಎರಡೆರಡೇ ಇಳಿಸಿ, ಏರಿಸಿ ನೋಡಿ. ಹುಕ್‌ಲೆಸ್ ರಿಮ್ (ಟೈರ್ ಹಿಡಿಯುವ ಒಳ ಕೊಕ್ಕೆ ಇಲ್ಲದ್ದು) ಇದ್ದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರುವಂತಿಲ್ಲ. ಟೈರೂ ಹುಕ್‌ಲೆಸ್‌ಗೆ ಒಪ್ಪುವಂಥದ್ದೇ ಆಗಿರಬೇಕು.

ಅಗಲದ ವಿಷಯಕ್ಕೆ ಬಂದರೆ ನಾನು 32ರ ಪಕ್ಷ. ತೆಳು ಟೈರ್ ವೇಗ ಅನ್ನುವುದು ನುಣುಪಾದ ಟ್ರ್ಯಾಕಿನ ಮಾತು. ಒರಟು ಡಾಂಬರಿನಲ್ಲಿ ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಸೈಕಲ್ಲನ್ನೂ ನಿಮ್ಮನ್ನೂ ಎತ್ತಿ ಹಾಕುತ್ತದೆ, ಆ ಶಕ್ತಿ ಮುಂದಕ್ಕೆ ಹೋಗದೆ ವ್ಯರ್ಥವಾಗುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವಿಸ್ ರೋಡೇ ಗತಿ. ಅಲ್ಲಿನ ಗುಂಡಿ, ಬಣ್ಣ ಬಳಿಯದ ಹಂಪು, ಕಾಂಕ್ರೀಟ್ ಅಂಚುಗಳ ಮೇಲೆ ಒಂದು ದಿನ ಓಡಿಸಿದರೆ 25ರ ಟೈರ್ ಯಾಕೆ ಬೇಡ ಅಂತ ಮಣಿಕಟ್ಟೇ ಹೇಳುತ್ತದೆ.

ಡಿಸ್ಕ್ ಬ್ರೇಕೇ ಬೇಕಾ?

ಎಂಟಿಬಿಯ ಹೈಡ್ರಾಲಿಕ್ ಡಿಸ್ಕಿಗೆ ಬೆರಳು ಒಗ್ಗಿದ್ದರೆ ಬೇಕು. ಮಳೆಗಾಲದ ಮಲೆನಾಡಿಗೂ ಬೇಕು. ಆದರೆ ರೋಟರ್ (ಬ್ರೇಕಿನ ತಟ್ಟೆ) ಚಿಕ್ಕದು, 140 ಅಥವಾ 160 ಮಿ.ಮೀ. ನಿಮ್ಮ 180ರಷ್ಟು ಹಿಡಿತ ಇರುವುದಿಲ್ಲ, ಮೇಲಾಗಿ ಟೈರೂ ತೆಳು. ರಿಮ್ ಬ್ರೇಕಿನ ಹಳೆಯ ಒಳ್ಳೆಯ ಸೈಕಲ್ ಅಗ್ಗಕ್ಕೆ ಸಿಕ್ಕರೆ ಬಿಡಬೇಕಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ 28ಕ್ಕಿಂತ ಅಗಲದ ಟೈರ್ ಹಿಡಿಯುವುದಿಲ್ಲ.

ಕಾರ್ಬನ್ ಅಥವಾ ಅಲ್ಯೂಮಿನಿಯಂ?

ಮೊದಲ ರೋಡ್ ಬೈಕ್ ಅಲ್ಯೂಮಿನಿಯಂ ಇರಲಿ, ಫೋರ್ಕ್ ಕಾರ್ಬನ್ ಇದ್ದರೆ ಸಾಕು. ಉಳಿದ ದುಡ್ಡು ಒಳ್ಳೆಯ ಟೈರ್, ಮೈಗೆ ಹೊಂದುವ ಸೀಟು ಮತ್ತು ಫಿಟ್ಟಿಂಗ್‌ಗೆ ಹೋಗಲಿ.

ಹ್ಯಾಂಡಲ್ ಮತ್ತು ಸ್ಟೆಮ್ ಒಂದೇ ತುಂಡಾಗಿರುವ ಸೈಕಲ್ ನೋಡೋಕೆ ಚೆನ್ನಾಗಿದೆ. ತಗೊಳ್ಳಲಾ?

ಮೊದಲ ಸಲಕ್ಕೆ ಬೇಡ. ರೋಡಿಗೆ ಹೊಸಬರಾದ ನಿಮ್ಮ ಮೈ ಮೊದಲ ಆರು ತಿಂಗಳಲ್ಲಿ ಬದಲಾಗುತ್ತಲೇ ಇರುತ್ತದೆ. ಇವತ್ತು 80ರ ಸ್ಟೆಮ್ ಸರಿ ಅನ್ನಿಸಿದ್ದು ಬೆನ್ನು ಸಡಿಲಾದ ಮೇಲೆ 100 ಬೇಕೆನ್ನಿಸಬಹುದು. ಬಿಡಿ ಸ್ಟೆಮ್ ಆದರೆ ನಾಲ್ಕಾರು ಬೋಲ್ಟ್, ಅರ್ಧ ಗಂಟೆ. ಒಂದೇ ತುಂಡಾದರೆ ಇಡೀ ಹ್ಯಾಂಡಲ್ ಬದಲಿಸಬೇಕು. ಕೇಬಲ್ಲು, ಬ್ರೇಕಿನ ಹೋಸ್ ಎಲ್ಲ ಹೆಡ್‌ಸೆಟ್ ಒಳಗಿಂದ ಹೋಗಿದ್ದರೆ ಬಿಚ್ಚಿ, ಬ್ರೇಕ್ ಬ್ಲೀಡ್ ಮಾಡಿ (ಎಣ್ಣೆಯೊಳಗಿನ ಗಾಳಿ ತೆಗೆದು), ಮತ್ತೆ ಜೋಡಿಸುವಷ್ಟರಲ್ಲಿ ಮೆಕ್ಯಾನಿಕ್ ಕೂಲಿಯೇ ಹೊಸ ಸ್ಟೆಮ್ಮಿನ ಬೆಲೆ ದಾಟಬಹುದು.

ಎಂಟಿಬಿಯ ಯಾವ ಪಾರ್ಟ್ ಇದಕ್ಕೆ ಹಾಕಬಹುದು?

ಪೆಡಲ್ ಹಾಕಬಹುದು, ಥ್ರೆಡ್ ಒಂದೇ. ಸೀಟು ಇಷ್ಟವಾಗಿದ್ದರೆ ಅದನ್ನೂ ಹಾಕಿ ನೋಡಬಹುದು. ಚಕ್ರ ಆಗುವುದಿಲ್ಲ. ಎಂಟಿಬಿಯ ಬೂಸ್ಟ್ ಹಬ್ಬುಗಳ (ಚಕ್ರದ ನಡುಭಾಗ) ಅಗಲ ಮುಂದೆ 110, ಹಿಂದೆ 148 ಮಿ.ಮೀ., ರೋಡ್ ಡಿಸ್ಕ್ ಬೈಕಿನಲ್ಲಿ 100 ಮತ್ತು 142. ಹಗುರ ಗೇರ್ ಆಸೆಗೆ ಎಂಟಿಬಿ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಹಾಕೋಣ ಅನ್ನುವವರು ಗಮನಿಸಿ: ಶಿಮಾನೊದಲ್ಲಿ ಒಂಬತ್ತು ಸ್ಪೀಡ್‌ವರೆಗೆ ಹಿಂದಿನ ಡಿರೇಲರಿನ ಕೇಬಲ್ ಎಳೆತ ರೋಡಿಗೂ ಎಂಟಿಬಿಗೂ ಹೊಂದುತ್ತದೆ, ಹತ್ತರಿಂದ ಮೇಲೆ ಹೊಂದುವುದಿಲ್ಲ.

ಎಸ್‌ಪಿಡಿ ಪೆಡಲ್ ಇದೆ. ರೋಡ್ ಕ್ಲೀಟಿಗೆ ಬದಲಾಯಿಸಬೇಕಾ?

ಅವಸರವೇ ಇಲ್ಲ. ಕ್ಲೀಟ್ ಅಂದರೆ ಶೂ ಅಟ್ಟೆಯನ್ನು ಪೆಡಲಿಗೆ ಕಚ್ಚಿಸುವ ತುಂಡು. ಎರಡು ಬೋಲ್ಟಿನ ಎಸ್‌ಪಿಡಿ ಶೂನಲ್ಲಿ ನಡೆಯಬಹುದು, ಹೋಟೆಲ್ ಮೆಟ್ಟಿಲು ಹತ್ತಬಹುದು, ಬ್ರೆವೆಯಲ್ಲಿ ಅದೇ ಅನುಕೂಲ. ದೂರದ ಸವಾರಿಯಲ್ಲಿ ಪಾದದ ಒಂದೇ ಜಾಗ ಉರಿದರೆ ಮೊದಲು ಗಟ್ಟಿ ಅಟ್ಟೆಯ ಶೂ ಪ್ರಯತ್ನಿಸಿ. ಆಮೇಲೂ ಬೇಕೆನ್ನಿಸಿದರೆ ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್‌ಗೆ ಹೋಗಿ, ಹಳದಿ ಕ್ಲೀಟಿನಿಂದ ಶುರು ಮಾಡಿ. ಅದರಲ್ಲಿ ಹಿಮ್ಮಡಿ ಆರು ಡಿಗ್ರಿ ಆಡುತ್ತದೆ. ಕೆಂಪಿನಲ್ಲಿ ಆಟವೇ ಇಲ್ಲ, ಹೊಸಬರ ಮೊಣಕಾಲಿಗೆ ಅದು ಒಳ್ಳೆಯದಲ್ಲ.

ಸೀಟಿನ ಎತ್ತರ ಹೇಗೆ ಇಡಲಿ?

ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟು ಏರಿಸಿ ಇಳಿಸುವ ಕಂಬ) ಬಳಸುವವರು ಮೇಲಿನ ಮಟ್ಟವನ್ನೂ ಸ್ವಲ್ಪ ತಗ್ಗಾಗಿಯೇ ಇಟ್ಟುಕೊಂಡಿರುತ್ತಾರೆ. ರೋಡಿನಲ್ಲಿ ಅದು ನಡೆಯುವುದಿಲ್ಲ.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಗಟ್ಟಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಒಳಗಾಲು 80 ಸೆಂ.ಮೀ. ಇದ್ದರೆ 70.6 ಬರುತ್ತದೆ. ಬಾಟಮ್ ಬ್ರ್ಯಾಕೆಟ್ ನಡುವಿನಿಂದ ಸೀಟ್ ಟ್ಯೂಬ್ ಗುಂಟ ಸೀಟಿನ ಮೇಲ್ಮೈವರೆಗೆ ಅಷ್ಟಿರಲಿ. ಇದು ಆರಂಭದ ಅಂಕಿ ಮಾತ್ರ. ಈಗ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಕೆಳಗೆ ಹೋದಾಗ ಕಾಲು ನೇರವಾಗಬೇಕು, ಸೊಂಟ ಅತ್ತಿತ್ತ ವಾಲಬಾರದು. ಪಾದದ ಮುಂಭಾಗ ಇಟ್ಟು ತುಳಿದಾಗ ಕೆಳತುದಿಯಲ್ಲಿ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರಬೇಕು. ಪಕ್ಕದಿಂದ ಫೋನಿನಲ್ಲಿ ಯಾರಾದರೂ ವಿಡಿಯೊ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಎಂಟಿಬಿಯಲ್ಲಿ ಸರಿಯಾದ ಎತ್ತರ ಈಗಾಗಲೇ ಸಿಕ್ಕಿದ್ದರೆ ಅದೇ ಅಳತೆ ಇಲ್ಲಿಗೂ ತನ್ನಿ, ಕ್ರ್ಯಾಂಕ್ ವ್ಯತ್ಯಾಸ ಮಾತ್ರ ಸರಿದೂಗಿಸಿ. ಅಲ್ಲಿ 175, ಇಲ್ಲಿ 170 ಇದ್ದರೆ ಸೀಟು 5 ಮಿ.ಮೀ. ಮೇಲೆ. ಶೂ ಬದಲಾಗಿದ್ದರೆ ಅಟ್ಟೆಯ ದಪ್ಪವೂ ಲೆಕ್ಕಕ್ಕೆ. ಪೋಸ್ಟಿನ ಮೇಲಿರುವ ಕನಿಷ್ಠ ಗೆರೆ ಫ್ರೇಮಿನೊಳಗೇ ಇರಬೇಕು. ಕಾರ್ಬನ್ ಪೋಸ್ಟಿಗೆ ಗ್ರೀಸ್ ಹಚ್ಚಬೇಡಿ, ಕಾರ್ಬನ್ ಪೇಸ್ಟ್ ಹಚ್ಚಿ, ಅದರ ಮೇಲೆ ಬರೆದಿರುವ ನ್ಯೂಟನ್ ಮೀಟರ್ ಮೀರದಂತೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ.

ಸೀಟು ಮುಂದೆ ಇರಬೇಕಾ, ಹಿಂದೆ ಇರಬೇಕಾ?

ಪೆಡಲುಗಳನ್ನು ನೆಲಕ್ಕೆ ಸಮಾನಾಂತರ ನಿಲ್ಲಿಸಿ. ಒಂದು ದಾರಕ್ಕೆ ನಟ್ಟು ಕಟ್ಟಿ, ಮುಂದಿರುವ ಕಾಲಿನ ಮೊಣಚಿಪ್ಪಿನ ಕೆಳಗಿನ ಉಬ್ಬಿನಿಂದ ಇಳಿಬಿಡಿ. ಅದು ಪೆಡಲಿನ ಅಚ್ಚಿನ ಮೇಲೆ ಬಂದರೆ ಆರಂಭಕ್ಕೆ ಸರಿ. ಇದು ಶಾಸನವಲ್ಲ, ಒಂದು ಸೆಂಟಿಮೀಟರ್ ಆಚೀಚೆ ಇದ್ದು ಸುಖವಾಗಿರುವವರು ಬೇಕಾದಷ್ಟಿದ್ದಾರೆ. ಹ್ಯಾಂಡಲ್ ದೂರ ಅನ್ನಿಸಿತು ಅಂತ ಸೀಟನ್ನು ಮುಂದೆ ತಳ್ಳುವುದು ಮಾತ್ರ ಬೇಡ. ಸೀಟು ಕಾಲಿಗೆ ಸಂಬಂಧಪಟ್ಟದ್ದು. ಕೈಯ ತೊಂದರೆಯನ್ನು ಸ್ಟೆಮ್ಮಿನಲ್ಲಿ ಬಗೆಹರಿಸಿ.

ಹಾಗಾದರೆ ಹ್ಯಾಂಡಲ್ ದೂರ, ತಗ್ಗು ಅನ್ನಿಸಿದರೆ ಏನು ಮಾಡಲಿ?

ಖರ್ಚಿಲ್ಲದ ಕೆಲಸಗಳು ಮೊದಲು. ಸ್ಟೆಮ್ ಕೆಳಗಿನ ಬಳೆಗಳು, ಅಂದರೆ ಸ್ಪೇಸರುಗಳೆಲ್ಲ ಕೆಳಗೇ ಇರಲಿ, ಫ್ಯಾಷನ್ನಿಗಾಗಿ ಮೇಲೆ ಹಾಕಬೇಡಿ. ಬಿಡಿ ಸ್ಟೆಮ್ ತಗ್ಗಾಗಿ ಕೂತಿದ್ದರೆ ತಿರುಗಿಸಿ ಹಾಕಿದರೆ ಹ್ಯಾಂಡಲ್ ಸುಮಾರು ಎರಡು ಸೆಂಟಿಮೀಟರ್ ಮೇಲೇಳುತ್ತದೆ. ಹುಡ್ಡುಗಳು ಕೆಳಗೆ ಬಾಗಿದ್ದರೆ ಹ್ಯಾಂಡಲ್ ಸ್ವಲ್ಪ ಮೇಲೆ ತಿರುಗಿಸಿ, ಮಣಿಕಟ್ಟು ನೇರವಾಗುವವರೆಗೆ. ಇಷ್ಟಾದ ಮೇಲೂ ಭುಜ ಕಿವಿಯವರೆಗೆ ಏರುತ್ತಿದ್ದರೆ ಸ್ಟೆಮ್ 10 ಮಿ.ಮೀ. ಚಿಕ್ಕದು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮೂರು ಸವಾರಿಯ ನಂತರ ಮುಂದಿನದು.

ಹ್ಯಾಂಡಲಿನ ಅಗಲ ಭುಜದ ಎರಡು ಮೂಳೆ ತುದಿಗಳ ನಡುವಿನ ಅಂತರದಷ್ಟು ಇರಲಿ. ಬಹಳ ಜನರಿಗೆ 38ರಿಂದ 42 ಸೆಂ.ಮೀ. 780ರಿಂದ ಬಂದವರಿಗೆ ಇದು ಕೈ ಕಟ್ಟಿ ಹಾಕಿದಂತೆ ಅನ್ನಿಸುತ್ತದೆ, ಅದಕ್ಕೇ 46 ಕೇಳುತ್ತಾರೆ. ಕೇಳಬೇಡಿ. ಅಗಲವಾದರೆ ಕತ್ತು, ಭುಜದ ನಡುವೆ ನೋವು ಬರುತ್ತದೆ, ಕೈ ಇನ್ನೂ ದೂರ ಚಾಚಬೇಕಾಗುತ್ತದೆ.

ನೋವು ಬಂದರೆ ಯಾವುದನ್ನು ಮುಟ್ಟಬೇಕು?

ಮೊಣಕಾಲಿನ ಮುಂಭಾಗ ನೋವಾದರೆ ಸೀಟು ತಗ್ಗಾಗಿದೆ ಅಥವಾ ತೀರಾ ಮುಂದಿದೆ, ಇಲ್ಲವೇ ಭಾರದ ಗೇರಿನಲ್ಲಿ ನಿಧಾನವಾಗಿ ತುಳಿಯುತ್ತಿದ್ದೀರಿ. ಹಿಂಭಾಗ ಎಳೆದರೆ ಸೀಟು ಎತ್ತರವಾಗಿದೆ. ಪಕ್ಕದಲ್ಲಿ ನೋವಾದರೆ ಕ್ಲೀಟಿನ ಕೋನ ನೋಡಿ. ಎಂಟಿಬಿಗಿಂತ ಇಲ್ಲಿ ಪೆಡಲುಗಳು ಹತ್ತಿರ, ಎರಡೂ ಕಾಲಿನ ನಡುವಿನ ಅಂತರ ಎರಡು ಸೆಂಟಿಮೀಟರಿನಷ್ಟು ಕಡಿಮೆಯಾಗಿರುತ್ತದೆ, ಕೆಲವರಿಗೆ ಅದೂ ಕಾರಣ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರದ ಮೇಲೆ ಭಾರ ಬೀಳುತ್ತಿದೆ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಕೈಗೆ ಭಾರ ಬರುತ್ತದೆ, ಮೊದಲು ಅದನ್ನು ಸಮ ಮಾಡಿ. ತೊಡೆಸಂದಿ ಮರಗಟ್ಟಿದರೆ ಮಾತ್ರ ಒಂದೆರಡು ಡಿಗ್ರಿ ಕೆಳಗಿಳಿಸಿ. ಆದರೂ ಹೋಗದಿದ್ದರೆ ಸೀಟಿನ ಅಗಲ ತಪ್ಪಿದೆ. ಕೂರುವ ಮೂಳೆಗಳ ಅಂತರ ಅಳೆದು ಕೊಡುವ ಅಂಗಡಿಗೆ ಹೋಗಿ. ಮೆತ್ತನೆ ಜೆಲ್ ಸೀಟು ಪರಿಹಾರವಲ್ಲ, ಮೆತ್ತೆಯಲ್ಲಿ ಮೂಳೆ ಹೂತು ಒತ್ತಡ ನಡುವಿಗೇ ಬರುತ್ತದೆ. ಮರಗಟ್ಟುವುದನ್ನು ಸಹಿಸಿಕೊಂಡು ಓಡಿಸಬೇಡಿ, ಗಂಡಸರಾಗಲಿ ಹೆಂಗಸರಾಗಲಿ. ಅದು ರೂಢಿಯಾಗುವ ವಿಷಯವಲ್ಲ. ಸೈಕಲ್ ಇಳಿದ ಮೇಲೂ ಜೋಮು ಉಳಿದರೆ ವೈದ್ಯರಿಗೆ ತೋರಿಸಿ.

ಟ್ರೇಲ್ ಇಳಿಜಾರಿನಲ್ಲಿ ಧೈರ್ಯ ಇದೆ, ಘಾಟಿ ಇಳಿಯೋಕೆ ಭಯ ಆಗುತ್ತೆ

ಹುಡ್ ಹಿಡಿದು ಇಳಿಯುತ್ತಿದ್ದೀರಿ, ಅದೇ ಕಾರಣ ಇರಬೇಕು. ಡ್ರಾಪಿಗೆ ಬನ್ನಿ. ಲಿವರಿಗೆ ಬೆರಳಿನ ಬಲ ಸರಿಯಾಗಿ ಸಿಗುತ್ತದೆ, ಮೈ ತಗ್ಗುತ್ತದೆ. ಎಂಟಿಬಿಯಲ್ಲಿ ಮೈ ನೆಟ್ಟಗಿಟ್ಟು ಸೈಕಲ್ ಮಾತ್ರ ಬಾಗಿಸುತ್ತೇವೆ. ಡಾಂಬರಿನಲ್ಲಿ ಮೈ, ಸೈಕಲ್ ಜೊತೆಯಾಗಿ ಬಾಗಲಿ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ, ಒಳಗೈ ಸ್ವಲ್ಪ ಒತ್ತಿ. ಸೀಟಿನ ಹಿಂದೆ ತೂಗಾಡುವ ಅಭ್ಯಾಸ ಬಿಡಿ, ಮುಂಚಕ್ರಕ್ಕೆ ಭಾರ ಸಿಗದೆ ತಿರುವಿನಲ್ಲಿ ಹೊರಕ್ಕೆ ಹೋಗುತ್ತದೆ. ಬ್ರೇಕು ತಿರುವಿನ ಮೊದಲೇ ಮುಗಿಯಬೇಕು. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಒದ್ದೆ ಎಲೆ, ತಿರುವಿನ ಮರಳು, ರಸ್ತೆಯ ಬಿಳಿ ಪಟ್ಟಿ ಮೂರೂ ಜಾರುತ್ತವೆ. ಎದುರಿನ ಬಸ್ಸು ನಿಮ್ಮ ಬದಿಗೆ ಬಂದೇ ತಿರುಗುತ್ತದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ದುಡ್ಡು ಕೊಟ್ಟು ಬೈಕ್ ಫಿಟ್ ಮಾಡಿಸಬೇಕಾ?

ಕೊಳ್ಳುವ ಮೊದಲು ಸೈಜ್ ಹೇಳುವವರು ಸಿಕ್ಕರೆ ಆಗಲೇ ಮಾಡಿಸಿ. ಇಲ್ಲದಿದ್ದರೆ ಮೇಲೆ ಹೇಳಿದಂತೆ ನೀವೇ ಹೊಂದಿಸಿಕೊಂಡು ಒಂದೆರಡು ತಿಂಗಳು ಓಡಿಸಿ, ಎಲ್ಲಿ ನೋವು, ಎಷ್ಟು ಹೊತ್ತಿಗೆ ಅನ್ನುವುದನ್ನು ಬರೆದಿಟ್ಟುಕೊಂಡು ಹೋಗಿ. ಆ ಮಾಹಿತಿ ಇಲ್ಲದೆ ಫಿಟ್ಟರ್‌ಗೂ ಊಹೆ ಜಾಸ್ತಿಯಾಗುತ್ತದೆ. ಮೊದಲು ನಿಮ್ಮ ಹಳೆಯ ಗಾಯ, ಬೆನ್ನಿನ ಬಾಗು ವಿಚಾರಿಸುವವರು ಒಳ್ಳೆಯ ಫಿಟ್ಟರ್. ಬಂದ ತಕ್ಷಣ ಅಲೆನ್ ಕೀ ಕೈಗೆತ್ತಿಕೊಳ್ಳುವವರನ್ನು ನಂಬಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ತಗೊಳ್ಳಬಹುದು, ಸೈಜ್ ನಿಮ್ಮದೇ ಆಗಿದ್ದರೆ ಮಾತ್ರ. ಎಷ್ಟೇ ಅಗ್ಗವಾದರೂ ಒಂದು ಸೈಜ್ ದೊಡ್ಡದು ಬೇಡ. ಫೋರ್ಕಿನ ಸ್ಟಿಯರರ್ ಟ್ಯೂಬ್ (ಹೆಡ್ ಟ್ಯೂಬ್ ಒಳಗಿಂದ ಸ್ಟೆಮ್‌ವರೆಗೆ ಬರುವ ಕೊಳವೆ) ಕತ್ತರಿಸಿದ್ದಾರೆಯೇ ನೋಡಿ. ಹಿಂದಿನವರು ರೇಸ್ ಭಂಗಿಗಾಗಿ ಗಿಡ್ಡ ಕತ್ತರಿಸಿದ್ದರೆ ಸ್ಪೇಸರ್ ಹಾಕಲು ಜಾಗವಿರುವುದಿಲ್ಲ, ಹ್ಯಾಂಡಲ್ ಮೇಲೆ ತರುವ ಮುಖ್ಯ ದಾರಿಯೇ ಮುಚ್ಚಿದಂತೆ. ಕಾರ್ಬನ್ ಆದರೆ ಹೆಡ್ ಟ್ಯೂಬ್ ಕೆಳಗೆ, ಬಾಟಮ್ ಬ್ರ್ಯಾಕೆಟ್ ಸುತ್ತ ಬಿರುಕಿದೆಯೇ ಅಂತ ಹಗಲು ಬೆಳಕಿನಲ್ಲಿ ಒರೆಸಿ ನೋಡಿ. ಬೋಲ್ಟ್ ಸಡಿಲಿಸಿದರೆ ಸೀಟ್ ಪೋಸ್ಟ್ ಮೇಲೆ ಕೆಳಗೆ ಸರಿಯುತ್ತದೆಯೇ ಪರೀಕ್ಷಿಸಿ. ನಮ್ಮ ಬೆವರಿಗೂ ಕರಾವಳಿಯ ಉಪ್ಪುಗಾಳಿಗೂ ಅದು ಕೆಲವೊಮ್ಮೆ ಫ್ರೇಮಿನಲ್ಲೇ ಕಚ್ಚಿಕೊಂಡಿರುತ್ತದೆ.

ಎರಡೂ ಸೈಕಲ್ ಓಡಿಸಿದರೆ ಗೊಂದಲ ಆಗಲ್ವಾ?

ಮೈ ಬೇಗ ಗುರುತಿಸಿಕೊಳ್ಳುತ್ತದೆ. ಒಂದನ್ನು ಮಾತ್ರ ಮೊದಲ ದಿನವೇ ಸರಿ ಮಾಡಿಸಿ. ನಿಮ್ಮ ಎಂಟಿಬಿಯಲ್ಲಿ ಮುಂದಿನ ಬ್ರೇಕ್ ಯಾವ ಕೈಗೆ ಇದೆಯೋ ರೋಡ್ ಬೈಕಿನಲ್ಲೂ ಅದೇ ಕೈಗೆ ಇರಲಿ. ಕಂಪನಿಯಿಂದ ಬರುವಾಗ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಇರುತ್ತವೆ. ಹೊಸ ಸೈಕಲ್ ಕೈಗೆ ಕೊಡುವ ಮೊದಲೇ ಹೇಳಿದರೆ ಅಂಗಡಿಯವರು ಬದಲಿಸಿ ಕೊಡುತ್ತಾರೆ. ಹೈಡ್ರಾಲಿಕ್ ಆದರೆ ಹೋಸ್ ಬಿಚ್ಚಿ ಬ್ಲೀಡ್ ಮಾಡಬೇಕಾಗುತ್ತದೆ, ಒಂದು ದಿನ ಕಾಯಿರಿ.